ಪಂಡಿತ ತಂದ ಪದಗಳು

"ಗುರುಗಳೇ, ಇಂಗ್ಲಿಷಿನ 'ಆಕ್ಸಿಡೆಂಟ್' ಎಂಬ ಒಂದು ನಾಮಪದಕ್ಕೆ ಕನ್ನಡದಲ್ಲಿ ಒಂಬತ್ತು ಪದ ಸಿಕ್ಕಿವೆ. ಎಲ್ಲವೂ ಸರಿ ಎನಿಸುತ್ತದೆ. ಯಾವುದನ್ನು ಮೊದಲು ಬರೆಯಲಿ?"

ಶಿಷ್ಯ ನಿಘಂಟು ಮಾಡಲು ಹೊರಟು ಎರಡು ವರ್ಷವಾಗಿತ್ತು. ಇನ್ನೂ ಮೊದಲ ಅಕ್ಷರದಲ್ಲೇ ಇದ್ದ.

ಗುರುಗಳು ಪಟ್ಟಿಯನ್ನು ಓದಿ ಕೆಳಗಿಟ್ಟರು. "ಕೂತುಕೋ" ಎಂದು ಈ ಕತೆ ಹೇಳಿದರು.

ಒಂದು ಕಲ್ಲುಗಣಿ ಇತ್ತು. ಅದಕ್ಕೊಬ್ಬ ಯಜಮಾನ. ಬಂಡೆಯ ನೆತ್ತಿಗೆ ಹಗ್ಗ ಕಟ್ಟಿ, ಅದರ ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು ಕಲ್ಲುಕುಟಿಗ ಅರ್ಧ ಬಂಡೆಯವರೆಗೆ ಇಳಿಯಬೇಕು. ತೂಗಾಡುತ್ತಲೇ ಸಿಡಿಮದ್ದು ತುಂಬುವ ಕುಳಿ ಕೊರೆಯಬೇಕು. ಒಂದು ದಿನ ಹಗ್ಗ ಹರಿಯಿತು. ಕಲ್ಲುಕುಟಿಗ ಸತ್ತ.

ಸರ್ಕಾರದವರು ಗಣಿ ಮುಚ್ಚಿಸಿದರು. ಅದನ್ನು ತೆರೆಸುವ ದಾರಿಯನ್ನೂ ಅವರೇ ಇಟ್ಟಿದ್ದರು. ಸಾವಿನ ಕಾರಣವನ್ನು ಒಂದು ಕಾಗದದಲ್ಲಿ ಬರೆದು, ಸತ್ತವನ ಮನೆಯವರಿಗೆ ಓದಿ ಹೇಳಿ, ಅವರ ಹೆಬ್ಬೆಟ್ಟು ಒತ್ತಿಸಿ ಕಳಿಸಿದರೆ ಸಾಕು. ಕಾಗದ ಇಂಗ್ಲಿಷಿನಲ್ಲಿತ್ತು. ಕಾರಣದ ಜಾಗದಲ್ಲಿ 'ಆಕ್ಸಿಡೆಂಟ್' ಎಂದು ಮೊದಲೇ ಅಚ್ಚಾಗಿತ್ತು. ಪಕ್ಕದಲ್ಲಿ ಕನ್ನಡ ಪದ ಬರೆಯಲು ನಾಲ್ಕು ಬೆರಳಗಲ ಜಾಗ ಬಿಟ್ಟಿದ್ದರು. ಅದನ್ನು ತುಂಬಲು ಯಜಮಾನ ಒಬ್ಬ ಪಂಡಿತನನ್ನು ಕರೆಸಿದ.

ಹರಿದ ಹಗ್ಗವನ್ನು ಯಾರೂ ಎಸೆದಿರಲಿಲ್ಲ. ಹರಿದ ಕಡೆ ಗಂಟು ಹಾಕಿ ಬಂಡೆಯ ಮೇಲೆಯೇ ಇಟ್ಟಿದ್ದರು. ಗಣಿ ಮತ್ತೆ ತೆರೆಯುವ ದಿನ ಅದೇ ಹಗ್ಗ ಕಟ್ಟಿಕೊಂಡು ಇಳಿಯುವ ಸರದಿ ಸತ್ತವನ ಹೆಂಡತಿಯ ತಮ್ಮನದು. ಅವನು ಒಪ್ಪಿಯೂ ಆಗಿತ್ತು. ಒಪ್ಪದವನಿಗೆ ಅಲ್ಲಿ ಕೆಲಸವಿರಲಿಲ್ಲ.

ಪಂಡಿತನಿಗೆ ಓದು ಚೆನ್ನಾಗಿತ್ತು. ಹಗ್ಗದ ವಿಷಯ ಏನೂ ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ಯಾರೂ ಕೇಳಿಯೂ ಇರಲಿಲ್ಲ. ಮೊದಲ ದಿನ ಅವನು 'ಆಕಸ್ಮಿಕ' ಎಂಬ ಪದ ತಂದ.

"ಹಂಗಂದ್ರೆ ಏನು ಸ್ವಾಮಿ?" ಎಂದು ಸತ್ತವನ ಹೆಂಡತಿ ಕೇಳಿದಳು.

"ಯಾರೂ ಎಣಿಸದೆ ಇದ್ದದ್ದು ಅಂತ, ತಾಯಿ."

"ನನ್ನ ಗಂಡ ಎಣಿಸಿದ್ದ. ಹಗ್ಗ ಸವೆದದೆ ಅಂತ ಎರಡು ಸಲ ಹೇಳಿ ಬಂದಿದ್ದ. ಒತ್ತಲ್ಲ."

ಪದ ಕಷ್ಟವಾಯಿತೆಂದು ಪಂಡಿತ ಭಾವಿಸಿದ. ಓದಿದವರಿಗೆ ಮೊದಲು ತೋಚುವುದೇ ಅದು. ಮಾರನೆಯ ದಿನ ಸ್ವಲ್ಪ ಸುಲಭವಾದ 'ಅವಘಡ' ತಂದ. ಏನೋ ಕೆಟ್ಟದ್ದು ನಡೆದುಹೋಯಿತು ಎಂದು ಅದಕ್ಕೆ ಅರ್ಥ ಹೇಳಿದ.

"ನಡೆದುಹೋಗೋಕೆ ಅದಕ್ಕೇನು ಕಾಲಿದ್ದವಾ? ಒತ್ತಲ್ಲ."

ಮೂರನೆಯ ದಿನ 'ದೈವೇಚ್ಛೆ' ಎಂದ. ಇದಕ್ಕಿಂತ ಮೆತ್ತನೆಯ ಪದ ಅವನ ಬಳಿ ಇರಲಿಲ್ಲ.

"'ಹಗ್ಗ ಇನ್ನೊಂದು ವರ್ಷ ಬರ್ತದೆ, ಇಳಿ' ಅಂದವರು ನಿಮ್ಮ ಯಜಮಾನ್ರು. ದೇವರನ್ನ ಯಾಕೆ ಸುಮ್ಮನೆ ಸಾಕ್ಷಿಗೆ ಕರೀತೀರಿ?"

ಪಂಡಿತನಿಗೆ ರೇಗಿತು. "ಪದ ಯಾವುದಾದರೇನಮ್ಮ? ಹೋದವನು ತಿರುಗಿ ಬರುತ್ತಾನೆಯೇ?"

"ಹೋದವನ ಮಾತು ಮುಗೀತು ಸ್ವಾಮಿ. ನಿಮ್ಮ ಪದ ನಂಬಿ ನಾನು ಒತ್ತಿದರೆ ನಾಳೆ ಇಳಿಯೋನು ನನ್ನ ತಮ್ಮ. ಬರ್ರಿ ಇಲ್ಲಿ."

ಅವಳು ಅವನನ್ನು ಬಂಡೆಯ ಮೇಲಕ್ಕೆ ಕರೆದೊಯ್ದಳು. ಇಳಿಯುವವನು ಹಗ್ಗವನ್ನು ಮೊದಲಿನಿಂದ ಕೊನೆಯವರೆಗೆ ಅಂಗೈಯೊಳಗೆ ಎಳೆದು ನೋಡುವುದು ಆ ಕೆಲಸದವರ ರೂಢಿ. ಕಣ್ಣಿಗೆ ಕಾಣದ ಸವಕಲು ಅಂಗೈಗೆ ಸಿಗುತ್ತದೆ. ಅವಳು ಹಗ್ಗದ ತುದಿಯನ್ನು ಪಂಡಿತನ ಕೈಗೆ ಕೊಟ್ಟು, "ಎಳೀರಿ" ಎಂದಳು.

ಪಂಡಿತ ಎಳೆದ. ಹತ್ತು ಮೊಳದೊಳಗೆ ಅವನ ಅಂಗೈ ತುಂಬ ನಾರು ಬಂತು. ಅಲ್ಲಲ್ಲಿ ಹಗ್ಗ ಕಿರುಬೆರಳಿನಷ್ಟು ತೆಳ್ಳಗಾಗಿತ್ತು. ಗಂಟಿನ ಹತ್ತಿರ ಅವನ ಕೈ ನಿಂತಿತು. ಅವನು ಮುಂದೆ ಎಳೆಯಲಿಲ್ಲ. ಅವಳೂ ಎಳೆಯಿರಿ ಎನ್ನಲಿಲ್ಲ.

ಪಂಡಿತ ಅಲ್ಲೇ ಕೂತು ಬರೆದ: "ದ್ಯಾಮಣ್ಣ ಹಗ್ಗ ಹರಿದು ಬಿದ್ದು ಸತ್ತ. ಹಗ್ಗ ಸವೆದಿದೆ ಎಂದು ಎರಡು ಬಾರಿ ಹೇಳಿದ್ದ. ಯಜಮಾನ ಇಳಿ ಎಂದ. ಅದೇ ಹಗ್ಗಕ್ಕೆ ಈಗ ಗಂಟು ಹಾಕಿದ್ದಾರೆ." ನಾಲ್ಕು ಬೆರಳಗಲ ಸಾಲದೆ ಬರಹ ಅಂಚಿನ ತನಕ ಹೋಯಿತು. ಓದಿ ಹೇಳಿದ. ಅವಳು ಹೆಬ್ಬೆಟ್ಟು ಒತ್ತಿದಳು. ಕಾಗದವನ್ನು ಅವನ ಕೈಗೆ ಕೊಡದೆ ಸೆರಗಿಗೆ ಕಟ್ಟಿಕೊಂಡು ಒಂಬತ್ತು ಮೈಲಿ ನಡೆದಳು. ಅಧಿಕಾರಿಯ ಮೇಜಿನ ಮೇಲೆ ತಾನೇ ಇಟ್ಟು ಬಂದಳು.

ವಿಷಯ ತಿಳಿದ ಯಜಮಾನ, "ಒಂದು ಪದ ಕೇಳಿದರೆ ಪುರಾಣ ಬರೆದುಬಿಟ್ಟಿರಲ್ಲ ಪಂಡಿತರೇ" ಎಂದು ಅವನನ್ನು ಕಳಿಸಿಬಿಟ್ಟ. ಬರಹ ಗೆರೆ ದಾಟಿದೆ ಎಂದು ಅಧಿಕಾರಿ ಗೊಣಗಿದ. ಆದರೆ ಗಂಟಿನ ಸುದ್ದಿ ಬರಹದಲ್ಲಿ ಬಂದಮೇಲೆ ತಾನು ಓದಿಲ್ಲ ಎನ್ನುವಂತಿರಲಿಲ್ಲ. ಹೊಸ ಹಗ್ಗ ಬರುವವರೆಗೆ ಗಣಿ ತೆರೆಯಕೂಡದು ಎಂದು ಆಜ್ಞೆ ಮಾಡಿದ. ಹೊಸ ಹಗ್ಗ ಬಂತು. ಯಜಮಾನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿಸಿದ. ಎಲ್ಲರಿಗೂ ಪ್ರಸಾದ ಹಂಚಿಸಿದ. ತಮ್ಮ ಅದನ್ನು ಅಂಗೈಯೊಳಗೆ ಎಳೆದು ನೋಡಿ ಇಳಿದ. ಸಂಜೆ ಮೇಲೆ ಬಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಕತೆ ಹಿಡಿಸಿತ್ತು. ಆದರೆ ಪಟ್ಟಿ ಹಾಗೆಯೇ ಉಳಿದಿತ್ತು.

"ಅದು ಸರಿ ಗುರುಗಳೇ. ನಿಘಂಟಿನಲ್ಲಿ ಕತೆ ಬರೆಯಲಾಗುವುದಿಲ್ಲ. ಪದಕ್ಕೆ ಎದುರಾಗಿ ಪದವನ್ನೇ ಇಡಬೇಕು. ಈ ಒಂಬತ್ತರಲ್ಲಿ ಯಾವುದನ್ನು ಮೊದಲು ಬರೆಯಲಿ?"

ಗುರುಗಳು ಪಟ್ಟಿಯನ್ನು ಅವನ ಕೈಗೆ ಕೊಟ್ಟು ಹೇಳಿದರು:

"ಆ ಹೆಂಗಸಿನ ಎದುರು ನಿಂತು ಯಾವುದನ್ನು ಗಟ್ಟಿಯಾಗಿ ಓದಬಲ್ಲೆಯೋ, ಅದನ್ನು ಬರೆ."