ದುಂಡಮ್ಮನ ಆಮೆ ಮಾತು ಬಿಟ್ಟಿದ್ದು

ಆಗ ಲೋಕದ ಹಸಿ ಇನ್ನೂ ಆರಿರಲಿಲ್ಲ. ಬೆಟ್ಟದ ಮೇಲೆ ಕೈಯಿಟ್ಟರೆ ಬೆರಳಿನ ಗುರುತು ಮೂಡುತ್ತಿತ್ತು. ಹೊಳೆಗೆ ದಾರಿ ಗೊತ್ತಿರಲಿಲ್ಲ, ಸಿಕ್ಕಿದವರನ್ನೆಲ್ಲ "ಸಮುದ್ರ ಯಾವ ಕಡೆ?" ಅಂತ ಕೇಳಿಕೊಂಡು ನಿಧಾನಕ್ಕೆ ಹೋಗುತ್ತಿತ್ತು. ಗಾಳಿ ಅರ್ಧ ದಿನ ನಿದ್ದೆಗಣ್ಣಿನಲ್ಲೇ ಅಲೆಯುತ್ತಿತ್ತು.

ಆಗ ಎಲ್ಲರಿಗೂ ಮಾತು ಬರುತ್ತಿತ್ತು. ಆಮೆಗೂ ಬರುತ್ತಿತ್ತು. ನಗಬೇಡ, ನಿಜವಾಗಿಯೂ ಬರುತ್ತಿತ್ತು. ಎಲ್ಲರಿಗಿಂತ ಜಾಸ್ತಿ ಆಮೆಗೇ ಬರುತ್ತಿತ್ತು!

ಆ ಹೊಳೆಯ ದಂಡೆಯಲ್ಲಿ ದುಂಡಮ್ಮ ಅಂತ ಒಬ್ಬಳಿದ್ದಳು. ಮಡಕೆ ಮಾಡುವವಳು. ಒಂಟಿ ಜೀವ. ಗುಂಡಿಯಲ್ಲಿ ಜೇಡಿಮಣ್ಣು ಹಾಕಿ, ನೀರು ಬಿಟ್ಟು, ಕಾಲಿನಿಂದ ತುಳಿಯುತ್ತಿದ್ದಳು. ತಪ್, ತಪ್, ತಪ್. ಆ ಸದ್ದು ಹಿಡಿದುಕೊಂಡು ಒಂದು ದಿನ ಹೊಳೆಯಿಂದ ಒಂದು ಆಮೆ ಮೇಲೆ ಬಂತು. ಬಂದದ್ದು ಮತ್ತೆ ಹೋಗಲೇ ಇಲ್ಲ.

ಆಗಿನ ಆಮೆಗೆ ಚಿಪ್ಪು ಎಲ್ಲಿಂದ ಬರಬೇಕು? ಬೆನ್ನು ಬೆಣ್ಣೆಯಷ್ಟು ಮೆತ್ತಗಿತ್ತು. ಅದಕ್ಕೇ ದುಂಡಮ್ಮ ಅವನಿಗೆ ಮೆತ್ತಪ್ಪ ಅಂತ ಹೆಸರಿಟ್ಟಳು. ಅವಳು ಮಣ್ಣು ತುಳಿಯುವಾಗ ಮೆತ್ತಪ್ಪ ಗುಂಡಿಯ ಅಂಚಿನಲ್ಲಿ ಕೂತು ಬಾಯಿಗೆ ಬಿಡುವೇ ಕೊಡುತ್ತಿರಲಿಲ್ಲ.

"ದುಂಡಮ್ಮಾ, ಈ ಮಡಕೆ ಮೂತಿ ಯಾಕೆ ಸೊಟ್ಟ? ದುಂಡಮ್ಮಾ, ಆ ಮೋಡಕ್ಕೇನು ಹೊಟ್ಟೆನೋವಾ? ದುಂಡಮ್ಮಾ, ನಿನ್ನ ಕಾಲ್ಬೆರಳು ಎಷ್ಟು ಚೆನ್ನಾಗಿದೆ!"

"ಸಾಕು ಸುಮ್ಮನಿರೋ, ತಲೆ ಚಿಟ್ಟು ಹಿಡೀತು," ಅಂತ ಅವಳು ಬೈಯುತ್ತಿದ್ದಳು. ಬೈದವಳೇ, ಅವನು ಒಂದು ಗಳಿಗೆ ಸುಮ್ಮನಾದರೆ ಕೆಲಸ ಬಿಟ್ಟು ಬಗ್ಗಿ ನೋಡುತ್ತಿದ್ದಳು. "ಯಾಕೋ ಮೆತ್ತಪ್ಪಾ, ಹುಷಾರಿಲ್ವೇನೋ?" ಅವನ ಹರಟೆ ಇಲ್ಲದೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಮಣ್ಣಿನ ಮೇಲೆ ದೊಡ್ಡ ನೆರಳು ಬಿತ್ತು. ಹದ್ದು! ಮೆತ್ತಪ್ಪನ ಬೆನ್ನಿಗೆ ಉಗುರು ಹಾಕಿ ಎತ್ತಿಕೊಂಡು ಹೊರಟೇಬಿಟ್ಟಿತು.

ದುಂಡಮ್ಮನ ಜೀವ ಬಾಯಿಗೆ ಬಂತು. ಕೈಗೆ ಸಿಕ್ಕ ಹಸಿ ಮಣ್ಣಿನ ಮುದ್ದೆಯನ್ನು ಬೀಸಿ ಹೊಡೆದಳು. ಮುದ್ದೆ ಹದ್ದಿನ ಮೂತಿಗೆ ಮೆತ್ತಿಕೊಂಡಿತು. ಮೆತ್ತಪ್ಪ ಪುಸಕ್ಕನೆ ಮಣ್ಣಿನ ಗುಂಡಿಗೆ ಬಿದ್ದ.

"ಇವತ್ತು ತಪ್ಪಿಸಿಕೊಂಡ," ಅಂತು ಹದ್ದು, ಕಣ್ಣೊರೆಸಿಕೊಳ್ಳುತ್ತಾ. "ನಾಳೆ ಬರ್ತೀನಿ. ನಾಳಿದ್ದೂ ಬರ್ತೀನಿ. ಮೆತ್ತಗಿರೋದೆಲ್ಲ ನನ್ನ ಊಟ ಕಣಮ್ಮ."

ಮೆತ್ತಪ್ಪನ ಬೆನ್ನ ಗಾಯಕ್ಕೆ ತಣ್ಣನೆ ಮಣ್ಣು ಹಚ್ಚುತ್ತಾ ದುಂಡಮ್ಮ ಯೋಚಿಸಿದಳು. ಅವಳಿಗೆ ಗೊತ್ತಿದ್ದ ವಿದ್ಯೆ ಒಂದೇ. ಮೆತ್ತಗಿರುವುದನ್ನು ಗಟ್ಟಿ ಮಾಡುವುದು. ಸರಿ, ಅವನ ಮೈಮೇಲೆಯೇ ಒಂದು ಮಡಕೆ ಕಟ್ಟಿದಳು. ಮೇಲೊಂದು ಬೋಗುಣಿ, ಕೆಳಗೊಂದು ತಟ್ಟೆ. ಬೋಗುಣಿಯ ಮೇಲೆ ಉಗುರಿನಿಂದ ಗೆರೆ ಎಳೆದು ಚಿತ್ತಾರವನ್ನೂ ಮಾಡಿದಳು.

"ಪೂರ್ತಿ ಮುಚ್ಚಿಬಿಡು, ಹದ್ದಿಗೆ ಸಂದೇ ಸಿಗಬಾರದು," ಅಂದ ಮೆತ್ತಪ್ಪ.

"ನಿನಗೇನು ಗೊತ್ತೋ! ಪೂರ್ತಿ ಮುಚ್ಚಿದ ಮಡಕೆ ಬೆಂಕಿಯಲ್ಲಿ ಢಮ್ ಅಂತ ಒಡೆಯುತ್ತೆ. ಒಳಗಿನ ಹಬೆ ಹೊರಗೆ ಹೋಗೋಕೆ ದಾರಿ ಬೇಕು," ಅಂದು ಅವಳು ಕಾಲುಗಳಿಗೆ, ಬಾಲಕ್ಕೆ, ತಲೆಗೆ ಅಂತ ಬಾಗಿಲು ಬಿಟ್ಟಳು. ತನ್ನ ಕೆಲಸ ನೋಡಿ ಅವಳಿಗೇ ಹೆಮ್ಮೆ ಆಯಿತು.

"ದುಂಡಮ್ಮಾ, ಒಳಗೆ ಕತ್ತಲಿರುತ್ತಾ? ನೀನು ಪಕ್ಕದಲ್ಲೇ ಇರ್ತೀಯಾ?"

"ಇಲ್ದೆ ಎಲ್ಲಿಗೆ ಹೋಗ್ತೀನಿ? ಸುಟ್ಟ ಮಡಕೆಯನ್ನ ತಟ್ಟಿ ನೋಡ್ತೀನಲ್ಲ, ಹಾಗೇ ನಿನ್ನನ್ನೂ ತಟ್ತೀನಿ. ಒಳಗಿಂದ 'ಓ' ಅನ್ನು. ಸರಿಯಾಗಿ ಬೆಂದಿದ್ದೀಯ ಅಂತ ತಿಳ್ಕೋತೀನಿ."

"ಓ," ಅಂದ ಮೆತ್ತಪ್ಪ, ಈಗಲೇ ಅಭ್ಯಾಸ ಮಾಡುತ್ತಾ.

ಬೆಂಕಿ ಆಗಿನ್ನೂ ಎಳೆಯದು, ಹೇಳಿದ ಮಾತು ಕೇಳುತ್ತಿತ್ತು. "ಮಣ್ಣನ್ನ ಸುಡಪ್ಪಾ, ನನ್ನ ಮೆತ್ತಪ್ಪನ್ನ ಸುಡಬೇಡ," ಅಂತ ಅವಳು ಕೈಮುಗಿದಳು.

"ಆಗಲಿ. ನನ್ನ ಪಾಲು ಗೊತ್ತಲ್ಲ? ಒಳಗಿರೋ ಹಸಿಯೆಲ್ಲ ನನ್ನದು."

"ತಗೋ ಮಾರಾಯ," ಅಂದಳು ದುಂಡಮ್ಮ. ಎಲ್ಲ ಮಡಕೆಯ ಹಸಿಯನ್ನೂ ಬೆಂಕಿ ತಾನೆ ಕುಡಿಯುವುದು? ಅವಳಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಮೆತ್ತಪ್ಪನನ್ನು ಮಡಕೆ ಸುಡುವ ಒಲೆಯೊಳಗಿಟ್ಟಳು, ಒಲೆ ಹೊತ್ತಿತು. ಒಳಗೆ ಮೆತ್ತಪ್ಪ ಹಾಡತೊಡಗಿದ. ಅವಳು ಬಿಟ್ಟಿದ್ದ ಬಾಗಿಲುಗಳಿಂದ ಬೆಳ್ಳನೆ ಹಬೆ ಬಂತು, ಹಬೆಯ ಜೊತೆಗೆ ಹಾಡೂ ಬಂತು. ಮೊದಲು ಜೋರಾಗಿ, ಆಮೇಲೆ ಸಣ್ಣಗೆ, ಆಮೇಲೆ ಇನ್ನೂ ಸಣ್ಣಗೆ. ಗಾಳಿ ಅರೆನಿದ್ದೆಯಲ್ಲಿ ಆ ಹಬೆಯನ್ನು ಎತ್ತಿಕೊಂಡು ಬೆಟ್ಟದಾಚೆಗೆ ಹೋಯಿತು. ಹಾಡು ನಿಂತಿತು. 'ಮಲಗಿರಬೇಕು, ಪಾಪ' ಅಂದುಕೊಂಡಳು ದುಂಡಮ್ಮ.

ಒಲೆ ಆರಿದ ಮೇಲೆ ಬೂದಿ ಸರಿಸಿದಳು. ಎಂಥ ಚಿಪ್ಪು! ಅಷ್ಟರಲ್ಲೇ ಮತ್ತೆ ನೆರಳು ಬಿತ್ತು. ಮೆತ್ತಪ್ಪ "ಹುಸ್" ಅಂತ ತಲೆ, ಕಾಲು, ಬಾಲ ಎಲ್ಲ ಒಳಗೆಳೆದುಕೊಂಡ. ಹದ್ದು ಎರಗಿ ಕುಕ್ಕಿತು. ಟಕ್! ಇನ್ನೊಮ್ಮೆ ಟಕ್!

"ಥೂ, ಕಲ್ಲು!" ಅಂತ ಕೊಕ್ಕು ಉಜ್ಜಿಕೊಂಡು ಹೋದದ್ದು, ಆ ದಂಡೆಯ ಕಡೆ ಮತ್ತೆ ತಲೆ ಹಾಕಲಿಲ್ಲ.

ದುಂಡಮ್ಮ ಕುಣಿದಾಡಿದಳು. ಕುಣಿದು ಸುಸ್ತಾಗಿ, ಬೆರಳು ಮಡಚಿ ಚಿಪ್ಪನ್ನು ತಟ್ಟಿದಳು. "ಮೆತ್ತಪ್ಪಾ, ಓ ಅನ್ನೋ!"

ಏನೂ ಇಲ್ಲ. ಮತ್ತೆ ತಟ್ಟಿದಳು. ಒಳಗಿಂದ "ಹುಸ್" ಅಂತ ಉಸಿರು ಬಂತು, ಅಷ್ಟೇ.

ಆಗ ಗಾಳಿ ಬಂದು ತಲೆತಗ್ಗಿಸಿ ನಿಂತಿತು. "ದುಂಡಮ್ಮಾ, ಆ ಹಬೆಯಲ್ಲಿ ಅವನ ಮಾತಿತ್ತು ಅಂತ ನನಗೆ ಗೊತ್ತಾಗಲಿಲ್ಲ. ಅದೂ ಹಸಿಯಾಗಿಯೇ ಇತ್ತಲ್ಲ. ಒಂದಿಷ್ಟು ಕಪ್ಪೆಗಳ ಗಂಟಲಿಗೆ ಬಿತ್ತು, ಒಂದಿಷ್ಟು ಬಿದಿರಿನೊಳಗೆ ಹೋಯ್ತು. ಈಗ ಹೇಗೆ ಆರಿಸಿ ತರಲಿ?"

"ಅಯ್ಯೋ ನನ್ನ ಕೈಯೇ!" ಅಂತ ದುಂಡಮ್ಮ ಅತ್ತಳು. "ಉಳಿಸೋಕೆ ಹೋಗಿ ಮೂಗ ಮಾಡಿಬಿಟ್ಟೆನಲ್ಲೋ. ಈಗ ನಾನು ಬಂದರೂ ಮುಖ ಮುಚ್ಕೋತೀಯಲ್ಲೋ." ಹಗಲೆಲ್ಲ ತಟ್ಟಿದಳು, ಕರೆದಳು. ಅವಳ ನೆರಳು ಬಿದ್ದಾಗಲೆಲ್ಲ ಅವನು ಇನ್ನಷ್ಟು ಒಳಗೆ ಸರಿದ. ಕುಕ್ಕುವ ಕೊಕ್ಕು ಯಾವುದು, ತಟ್ಟುವ ಬೆರಳು ಯಾವುದು, ಕತ್ತಲಲ್ಲಿದ್ದವನಿಗೆ ಹೇಗೆ ಗೊತ್ತಾಗಬೇಕು ಹೇಳು?

ಕೊನೆಗೆ ಅವಳು ಸೋತು ಎದ್ದಳು. ಹೊಟ್ಟೆಪಾಡು ಕೇಳಬೇಕಲ್ಲ. ಗುಂಡಿಗೆ ಮಣ್ಣು ಹಾಕಿ ತುಳಿಯತೊಡಗಿದಳು. ತಪ್, ತಪ್, ತಪ್. ದಂಡೆ ಎಂದೂ ಅಷ್ಟು ನಿಶ್ಶಬ್ದವಾಗಿರಲಿಲ್ಲ. ಅವಳ ಕಣ್ಣೀರು ಮಣ್ಣಿನಲ್ಲೇ ಬೆರೆಯಿತು.

ತುಳಿಯುತ್ತಾ ತುಳಿಯುತ್ತಾ, ಕಾಲ್ಬೆರಳಿಗೆ ಏನೋ ಗಟ್ಟಿಯಾದದ್ದು ತಾಗಿತು.

ಬಗ್ಗಿದಳು. ಆ ಸದ್ದು ಹಿಡಿದುಕೊಂಡು ಬಂದಿದ್ದ ಮೆತ್ತಪ್ಪ! ನೆರಳು ಬಿತ್ತು. "ಹುಸ್!"

ಈ ಸಲ ದುಂಡಮ್ಮ ಕರೆಯಲಿಲ್ಲ. ನೆರಳು ಅವನ ಮೇಲೆ ಬೀಳದ ಹಾಗೆ ಪಕ್ಕಕ್ಕೆ ಸರಿದು, ಮಣ್ಣಲ್ಲೇ ಕೂತಳು. ಹೊಸ ಮಡಕೆಯನ್ನು ತಟ್ಟುವಷ್ಟು ಮೆಲ್ಲಗೆ ಒಮ್ಮೆ ತಟ್ಟಿದಳು. ಕಾದಳು. ಹೊಳೆ ಅವಳನ್ನೂ ದಾರಿ ಕೇಳಿತು, ಅವಳು ಕೈ ತೋರಿಸಿ ಮತ್ತೆ ಕಾದಳು. ಕಾಲ ಮೇಲಿನ ಮಣ್ಣು ಒಣಗಿ ಬಿರಿಯುವವರೆಗೂ ಕಾದಳು.

ಆಗ ಚಿಪ್ಪಿನ ಬಾಗಿಲಲ್ಲಿ ಒಂದು ಮೂಗು ಕಂಡಿತು. ಆಮೇಲೆ ಕಣ್ಣು. ಆಮೇಲೆ ಕತ್ತು ಬಂತು, ಬಂತು, ಬರುತ್ತಲೇ ಇತ್ತು. ಅಷ್ಟುದ್ದ ಕತ್ತು ಅವನಿಗೆ ಹಿಂದೆಂದೂ ಇರಲಿಲ್ಲ! ಬಾಯಿ ತೆರೆದ, ಸದ್ದು ಹೊರಡಲಿಲ್ಲ. ಬಾಯಿ ಮುಚ್ಚಿ, ಗದ್ದವನ್ನು ಅವಳ ಕಾಲ್ಬೆರಳ ಮೇಲಿಟ್ಟು, ನಿಧಾನಕ್ಕೆ ಕಣ್ಣು ಮುಚ್ಚಿದ.

"ಕೇಳಿಸ್ತು ಕಣೋ," ಅಂದಳು ದುಂಡಮ್ಮ. "ಕೇಳಿಸ್ತು."

ಅದಕ್ಕೇ ನೋಡು, ಸಾಕಿದ ಆಮೆ ಇವತ್ತಿಗೂ ನಿನ್ನ ನೆರಳು ಬಿದ್ದರೆ ಹುಸ್ ಅಂತ ಒಳಗೆ ಹೋಗುತ್ತೆ, ಆಮೇಲೆ ತನ್ನ ಮನೆಯವರ ಹೆಜ್ಜೆ ನೆಲದಲ್ಲಿ ಗೊತ್ತಾದರೆ ಸಾಕು, ಮೆಲ್ಲಗೆ ಕಾಲ ಬಳಿ ಬಂದು, ಕತ್ತು ಇದ್ದಷ್ಟೂ ಚಾಚಿ, ತುಟಿ ಪಿಟಕ್ಕೆನ್ನದೆ 'ಓ' ಅನ್ನುತ್ತೆ.