ಬಿಂಕಯ್ಯನ ಏರ್‌ಗನ್ನೂ ಜರುಗುವ ಎಲೆಯೂ

ಒಂದು ಕಾಡಿನಲ್ಲಿ ಚುಕ್ಕಮ್ಮ ಎಂಬ ಕೌಜುಗದ ಹಕ್ಕಿ ಇದ್ದಳು. ಪೊದೆಯ ಬುಡದಲ್ಲಿ ಐದು ಮೊಟ್ಟೆ ಇಟ್ಟಿದ್ದಳು. ಹಾಳು ಉಡವೊಂದು ಬಂದು ಎರಡನ್ನು ನುಂಗಿ ಹೋಯಿತು. ಉಳಿದ ಮೂರನ್ನು ಹೇಗಪ್ಪಾ ಕಾಪಾಡಲಿ ಎಂದು ಅವಳ ಜೀವ ಹೊಡೆದುಕೊಳ್ಳುತ್ತಿತ್ತು.

ಅದೇ ವಾರ ಪಟ್ಟಣದ ಶಿಕಾರಿಯವನೊಬ್ಬ ಆನೆಯ ಘೀಳಿಗೆ ಹೆದರಿ ತನ್ನ ಏರ್‌ಗನ್ ಬಿಸಾಕಿ ಓಡಿದ. ಅದರ ಮೇಲೆ ದುರ್ಬೀನು ಬೇರೆ! ಬಿಂಕಯ್ಯ ಎಂಬ ಮುಸುವ ಕೋತಿ ಅದನ್ನು ಎತ್ತಿಕೊಂಡ.

"ಇನ್ನು ಮೇಲೆ ಕಾಡಿಗೆ ನಾನೇ ಕಾವಲು. ದಿನಾ ತಲೆಗೊಂದು ಹಣ್ಣು ತಂದುಕೊಡಿ" ಎಂದು ಪ್ರಾಣಿಗಳಿಗೆಲ್ಲ ಸಾರಿದ. ಚುಕ್ಕಮ್ಮ ಎಲ್ಲರಿಗಿಂತ ಮೊದಲು ನೇರಳೆಹಣ್ಣು ಒಯ್ದು ಕೊಟ್ಟಳು. ಹೆತ್ತ ಕರುಳಲ್ಲವೇ!

ತನ್ನ ಗುರಿ ಎಲ್ಲರಿಗೂ ತೋರಿಸಲು ಬಿಂಕಯ್ಯ ಮರಕ್ಕೊಂದು ಎಲೆ ಅಂಟಿಸುವಂತೆ ಅಳಿಲಿಗೆ ಹೇಳಿ ಗುರಿಯಿಟ್ಟು ಹೊಡೆದ. ಗುಂಡು ಒಂದು ಗೇಣು ಬಲಕ್ಕೆ ಬಿತ್ತು.

"ಎಲೆ ಅಂಟಿಸೋದಕ್ಕೂ ಬರಲ್ವಾ ನಿನಗೆ? ಗುಂಡು ಬಿದ್ದ ಕಡೆಗೆ ಸರಿಸು!" ಎಂದು ಅಳಿಲನ್ನು ಗದರಿದ. ಅಳಿಲು ಸರಿಸಿತು. ಮತ್ತೆ ಹೊಡೆದ, ಮತ್ತೆ ಗೇಣು ಬಲಕ್ಕೆ. ಮತ್ತೆ ಸರಿಸು! ಮಧ್ಯಾಹ್ನದ ಹೊತ್ತಿಗೆ ಎಲೆ ಮರ ಸುತ್ತಿಕೊಂಡು ಹಿಂದಕ್ಕೇ ಹೋಗಿಬಿಟ್ಟಿತ್ತು. ಮೊಲಗಳು ಮಾತ್ರ ಭಲೇ ಭಲೇ ಎಂದು ಚಪ್ಪಾಳೆ ತಟ್ಟುತ್ತಲೇ ಇದ್ದವು.

ಚುಕ್ಕಮ್ಮ ತಡೆಯಲಾರದೆ ಹೇಳಿದಳು: "ಬಿಂಕಣ್ಣ, ಆ ಶಿಕಾರಿಯವನು ಮಾಡ್ತಿದ್ದದ್ದನ್ನ ನಾನು ಪೊದೆಯಿಂದ ನೋಡಿದ್ದೀನಿ. ಬಂದೂಕನ್ನ ಮರಳಿನ ಚೀಲದ ಮೇಲಿಟ್ಟು ಮೂರು ಗುಂಡು ಹೊಡೀತಿದ್ದ. ಮೂರೂ ಒಂದೇ ಪಕ್ಕಕ್ಕೆ ಬಿದ್ದರೆ ದುರ್ಬೀನಿನ ತಿರುಪನ್ನ ಒಂಚೂರು ತಿರುಗಿಸ್ತಿದ್ದ. ನೀನೂ ತಿರುಗಿಸಿ ನೋಡು."

"ನೆಲ ಕೆದಕೋಳು ನನಗೆ ಗುರಿ ಕಲಿಸ್ತೀಯಾ? ತಿರುಪು ಮುಟ್ಟಿದರೆ ತಪ್ಪು ನನ್ನದು ಅಂತ ಒಪ್ಪಿಕೊಂಡ ಹಾಗೆ. ನನ್ನ ಮರ್ಯಾದೆ ಏನಾಗಬೇಕು?"

ಎಲ್ಲರೂ ಗೊಳ್ಳೆಂದು ನಕ್ಕರು. ಚುಕ್ಕಮ್ಮನಿಗೆ ಅವಮಾನಕ್ಕಿಂತ ಭಯವೇ ಹೆಚ್ಚಾಯಿತು.

ಮರುದಿನ ಬೆಳಿಗ್ಗೆ ಉಡ ನಾಲಗೆ ಚಾಚುತ್ತಾ ಗೂಡಿನ ಬಳಿಗೇ ಬಂತು.

"ಬಿಂಕಣ್ಣಾ, ಬಂತು! ಹೊಡಿ!"

ಬಿಂಕಯ್ಯ ಕೊಂಬೆಯ ಮೇಲೆ ಕೂತು ಒಂದು ಕಣ್ಣು ಮುಚ್ಚಿದ. "ಅದಕ್ಕೆ ಒಂದು ಗೇಣು ಬಲಕ್ಕೆ ಸರಿಯೋಕೆ ಹೇಳು!" ಎಂದು ಕೂಗಿದ.

"ಅಯ್ಯೋ ನಿನ್ನ ಮುಖಕ್ಕಿಷ್ಟು! ಅದೇನು ಅಳಿಲು ಅಂಟಿಸಿದ ಎಲೆಯಾ?"

ಗುಂಡು ಹಾರಿತು. ಉಡದ ಬಲಕ್ಕೆ, ಸರಿಯಾಗಿ ಗೇಣು ದೂರದಲ್ಲಿ, ಪೊದೆಗೆ ಜೋತಿದ್ದ ಕಣಜದ ಗೂಡಿಗೆ ಬಡಿಯಿತು. ಕಣಜಗಳು ಭೊರ್ರೆಂದು ಎದ್ದವು. ಉಡ ಕಣ್ಣು ಮುಚ್ಚಿಕೊಂಡು ಪರಾರಿಯಾಯಿತು. ಚುಕ್ಕಮ್ಮ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ ಉಸಿರು ಬಿಗಿಹಿಡಿದು ಕೂತಳು. ಕಣಜಗಳು ಗುಂಡು ಬಂದ ದಾರಿ ಹಿಡಿದು ನೇರ ಬಿಂಕಯ್ಯನ ಮೂತಿಗೇ ಹೋದವು. ಅವನು ಬಂದೂಕು ಎಸೆದು ಕೆರೆಗೆ ಹಾರಿದ.

ಎದ್ದು ಬಂದಾಗ ಮುಖ ಕುಂಬಳಕಾಯಿಯಾಗಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ! "ನಾನು ಗುರಿ ಇಟ್ಟಿದ್ದೇ ಕಣಜದ ಗೂಡಿಗೆ. ಹೇಗಿತ್ತು ಉಪಾಯ?"

"ಭೇಷ್ ಬಿಂಕಣ್ಣ!" ಎಂದಳು ಚುಕ್ಕಮ್ಮ. "ಆ ಆಲದ ಮರದಲ್ಲಿ ಇದಕ್ಕಿಂತ ದೊಡ್ಡ ಗೂಡಿದೆ. ಎಲ್ಲರೂ ನೋಡ್ಲಿ, ಇನ್ನೊಂದು ಸಲ ಹೊಡಿ."

ಮೊಲಗಳು ಬಂದೂಕು ತಂದು ಮುಂದಿಟ್ಟವು. ಬಿಂಕಯ್ಯ ಬಂದೂಕು ನೋಡಿದ, ಮೂಗು ಮುಟ್ಟಿಕೊಂಡ, ಆಚೆ ಗುಡ್ಡದ ಕಡೆಗೆ ನಡೆದುಬಿಟ್ಟ.

ನೀತಿ: ತಪ್ಪನ್ನು ತಿದ್ದಿಕೊಳ್ಳದೆ ಮುಚ್ಚಿಡುವವನು ಕೊನೆಗೆ ಎಲ್ಲರೆದುರು ನಗೆಪಾಟಲಾಗುತ್ತಾನೆ.