ಕಂಬದ ಹಿಂದಿನ ಕುತ್ತಿಗೆ

"ಗುರುಗಳೇ, ಕುತ್ತಿಗೆ ನೋವಿಗೆ ಒಳ್ಳೆ ವೈದ್ಯರನ್ನ ಹುಡುಕೋದು ಹೇಗೆ?" ಅಂತ ಮರುಳಯ್ಯ ಕೇಳಿದ. ಅವನು ಮಠದ ಹಿರಿಯ ಶಿಷ್ಯ. ಧ್ಯಾನಕ್ಕೆ ಕೂರುವಾಗ ಎಲ್ಲರಿಗಿಂತ ಮುಂದೆ ಅವನೇ. ಒಂದು ತಿಂಗಳಿಂದ ಅವನ ಕೈ ಕುತ್ತಿಗೆ ಬಿಟ್ಟು ಇಳಿದಿರಲಿಲ್ಲ.

ಗುರುಗಳು ಹೇಳಿದರು:

ಒಬ್ಬ ಸಾಹುಕಾರ ಇದ್ದ. ಅವನ ಮಗ್ಗದ ಮನೆಯಲ್ಲಿ ಎಂಟು ಜನ ನೇಕಾರರು. ಯಾರು ಕೈ ನಿಲ್ಲಿಸಿದರು ಅಂತ ಅವನು ದಿನವೆಲ್ಲ ಕಂಬದ ಹಿಂದೆ ಕೂತು ಇಣುಕಿ ನೋಡ್ತಿದ್ದ. ಎಂಟು ಜನಕ್ಕೂ ಅದು ಗೊತ್ತಿತ್ತು. ಅವನ ತಲೆಯ ರುಮಾಲು ಕಂಬಕ್ಕಿಂತ ಅಗಲ.

ಒಂದು ದಿನ ಕುತ್ತಿಗೆ ಹಿಡ್ಕೊಂಡಿತು. ನೋವು ನರದ ಗುಂಟ ಇಳಿದು ಬೆರಳ ತುದೀಲಿ ಜುಮುಜುಮು ಅಂತಿತ್ತು. ಬಲಗೈಯಲ್ಲಿ ಲೋಟ ನಿಲ್ತಿರಲಿಲ್ಲ. ಆಗತಾನೇ ಮೊಮ್ಮಗಳು ಹುಟ್ಟಿದ್ದಳು. ಮನೆಯವರೆಲ್ಲ ಎತ್ತಿಕೊಂಡರು. ಅವನ ಕೈಗೆ ಮಾತ್ರ ಯಾರೂ ಕೊಡಲಿಲ್ಲ.

ಒಬ್ಬ ವೈದ್ಯ ಎಣ್ಣೆ ಹಚ್ಚಿದ. ಸಾಹುಕಾರ ಮಂಚದಿಂದ ಜಾರಿಬಿದ್ದ. ಇನ್ನೊಬ್ಬ ಕತ್ತಿಗೆ ಬಿದಿರಿನ ಪಟ್ಟಿ ಕಟ್ಟಿದ. ಊಟ ಬಾಯಿಗೆ ಹೋಗಲಿಲ್ಲ. ಆಮೇಲೆ ಹೊಳೆ ಆಚೆಯಿಂದ ಒಬ್ಬ ಮುದುಕಿ ಬಂದಳು. ಭುಜ ನೀವಿದಳು. ಗದ್ದ ಹಿಂದಕ್ಕೆಳೆಯೋದು, ಹೆಗಲು ತಿರುಗಿಸೋದು ಕಲಿಸಿದಳು. ಬೆಳಗ್ಗೆ ಇಳಿದ ನೋವು ಸಂಜೆಗೆ ಮತ್ತೆ ಏರ್ತಿತ್ತು.

"ನಿಮ್ಮ ಕೆಲಸ ಏನು, ಸಾಹುಕಾರ್ರೇ?"

"ನಾನೇನೂ ಮಾಡಲ್ಲಮ್ಮ. ಎಂಟು ಜನ ನೇಕಾರರು ಮಾಡೋದನ್ನ ನೋಡ್ತೀನಿ."

"ಅಯ್ಯೋ, ಅದು ಎಂಟು ಜನರ ಕೆಲಸ ಅಲ್ವಾ!"

ಮುದುಕಿ ಮಗ್ಗದ ಮನೆಗೆ ಹೋಗಿ, ಅವನು ಕೂರೋ ಮಣೆಯನ್ನ ಕಿಟಕಿ ಕಡೆ ತಿರುಗಿಸಿದಳು. ಬೆನ್ನು ಮಗ್ಗಕ್ಕೆ, ಮುಖ ಹೊಳೆಗೆ.

ಮೊದಲನೇ ದಿನವೇ ಒಂದು ಮಗ್ಗ ನಿಂತಿತು. ಸಾಹುಕಾರ ತಡೆಯಲಾರದೆ ಪೂರ್ತಿ ತಿರುಗಿ ನೋಡಿದ. ಕತ್ತು ಹಾಗೇ ನಿಂತುಬಿಡ್ತು. ಮನೆಗೆ ಹೋಗುವಾಗ ಕಾಲು ಮುಂದೆ, ಮುಖ ಹಿಂದೆ. ಹಿಂದೆ ಬರ್ತಿದ್ದವರು ಕೈಮುಗಿದರು. ಎದುರು ಬಂದ ಎಮ್ಮೆ ಪಾಪ, ತಾನೇ ದಾರಿ ಬಿಟ್ಟಿತು.

ಮುದುಕಿ ಮತ್ತೆ ಬಂದು ಕತ್ತನ್ನ ಮೆಲ್ಲಗೆ ಬಿಡಿಸಿದಳು. "ಮುಂದೆ ನೋಡಿ. ಮಗ್ಗ ನಿಂತರೆ ಕಿವಿಗೇ ಗೊತ್ತಾಗುತ್ತೆ," ಅಂದಳು.

ಅವನು ದಿನಾ ಹೆಗಲು ತಿರುಗಿಸಿದ, ಗದ್ದ ಎಳೆದ, ಹೊಳೆ ನೋಡ್ತಾ ಕೂತ. ಎಂಟು ಲಾಳಿಗಳ ಸದ್ದು ಸೇರಿ ಯಾರೋ ನಿದ್ದೆಯಲ್ಲಿ ಉಸಿರಾಡಿದ ಹಾಗಿತ್ತು. ಒಂದು ನಿಲ್ತಿತ್ತು, ಮತ್ತೆ ಶುರುವಾಗ್ತಿತ್ತು. ನೀರಿನ ಮೇಲೆ ಮೋಡ ಹೋಗ್ತಿತ್ತು. ಅದು ನಿಂತಿದೆಯೋ ಹೋಗ್ತಿದೆಯೋ ಅಂತ ಅವನು ವಿಚಾರಿಸಲಿಲ್ಲ. ಬಟ್ಟೆ ತನ್ನ ಪಾಡಿಗೆ ಬೆಳೀತಿತ್ತು.

ಮೂರು ತಿಂಗಳಾಯಿತು. ಮಗಳು ಬಂದು ಮಗುವನ್ನ ಅವನ ಕೈಗೆ ಕೊಟ್ಟಳು. ಕೈ ಹಿಡಿಯಿತು. ಮಗು ಅವನ ಹೆಗಲ ಮೇಲಿಂದ ಎಂಟು ಮಗ್ಗಗಳನ್ನೂ ನೋಡ್ತಿತ್ತು. ಅವನು ತಿರುಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಕುತ್ತಿಗೆ ಉಜ್ಜಿಕೊಳ್ಳುತ್ತಾ, "ಆ ಅಜ್ಜಿ ಈಗ ಎಲ್ಲಿದಾರೆ ಗುರುಗಳೇ?" ಅಂದ.

"ಧ್ಯಾನದ ಹೊತ್ತಲ್ಲಿ ಹಿಂದೆ ಯಾರು ತೂಕಡಿಸ್ತಾರೆ ಅಂತ ನಾಳೆಯಿಂದ ನಾನೇ ನೋಡ್ಕೊಳ್ತೀನಿ ಮರುಳಯ್ಯ, ನೀನು ಮುಂದೆ ನೋಡ್ಕೊಂಡು ಕೂತ್ಕೋ."